ನಿದ್ದೆಯಲ್ಲಿ ಹೊಡೆಯುತ್ತಾರೆ, ಎದ್ದರೆ ಇರುವೆಯನ್ನೂ ನೋಯಿಸದ ಮನುಷ್ಯ. ಯಾರ ಮನೆಯಲ್ಲಾದರೂ ಹೀಗಿದೆಯಾ?

ಬಾಳೆಲೆ ಸೊಸೆ (ಮೇ)

ಹೆಸರು ಹೇಳದೆ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ನಮ್ಮ ಊರು ಚಿಕ್ಕದು. ಒಕ್ಕದ (ಮನೆತನದ) ಹೆಸರು ಹೇಳಿದರೆ ಸಂಜೆಯೊಳಗೆ ಗೋಣಿಕೊಪ್ಪ ಸಂತೆಗೆ ಸುದ್ದಿ ಮುಟ್ಟುತ್ತದೆ.

ಮನೆಯವರು ಸೈನ್ಯದಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಈಗ ಅರುವತ್ತರ ಹತ್ತಿರ, ತೋಟ ಗದ್ದೆ ನೋಡಿಕೊಂಡಿದ್ದಾರೆ. ಮಾತು ಕಡಿಮೆ, ಲೈನ್‌ಮನೆಯ ತೋಟದ ಆಳುಗಳ ಮೇಲೂ ದನಿ ಏರಿಸಿದವರಲ್ಲ. ಕೆಲವು ವರ್ಷಗಳಿಂದ ರಾತ್ರಿ ನಿದ್ದೆಯಲ್ಲಿ ಮಾತಾಡಲು ಶುರು ಮಾಡಿದರು. ಮೊದಲು ಗೊಣಗಾಟ, ಆಮೇಲೆ ಕೂಗು, ಎಚ್ಚರವಿದ್ದಾಗ ಅವರ ಬಾಯಲ್ಲಿ ನಾನು ಎಂದೂ ಕೇಳದ ಬೈಗುಳ. ಆಮೇಲೆ ಕಾಲು ಝಾಡಿಸುವುದು. ಕಳೆದ ಮಳೆಗಾಲದಿಂದ ಕೈ ಬೀಸುವುದೂ ಸೇರಿಕೊಂಡಿತು. ಒಮ್ಮೆ ಮಂಚದಿಂದ ಹಾರಿಬಿದ್ದು ಹುಬ್ಬು ಒಡೆದುಕೊಂಡರು. ಮೊನ್ನೆ ಅವರ ಮುಷ್ಟಿ ನನ್ನ ಕಣ್ಣಿಗೇ ಬಿತ್ತು. ಎಬ್ಬಿಸಿ ಕೇಳಿದರೆ, ಕಾಫಿ ಗಿಡದ ಸಂದಿಯಿಂದ ಕಾಡುಹಂದಿ ನುಗ್ಗಿ ನನ್ನ ಮೇಲೆ ಬರುತ್ತಿತ್ತಂತೆ, ಅದಕ್ಕೆ ಗುದ್ದಿದರಂತೆ!

ಕಣ್ಣಿನ ಸುತ್ತ ಕಪ್ಪಾಗಿದ್ದಾಗಲೇ ಹತ್ತಿರದ ನೆಂಟರ ಮದುವೆ ಬಂತು. ಪೌಡರ್ ಹಚ್ಚಿಕೊಂಡು ಹೋದೆ. ಊಟದ ಸಾಲಿನಲ್ಲಿ ಯಾರೂ ಏನೂ ಕೇಳಲಿಲ್ಲ, ಆದರೆ ಎಲ್ಲರೂ ನೋಡಿದರು. ಮೈದುನ ಇವರನ್ನು ಹೊರಗೆ ಕರೆದು, "ಅಣ್ಣ, ಕುಡಿಯುವುದು ಸ್ವಲ್ಪ ಕಡಿಮೆ ಮಾಡು" ಅಂದನಂತೆ. ಇವರು ಕುಡಿಯುವುದು ಹಬ್ಬಕ್ಕೆ, ಮದುವೆಗೆ ಎರಡು ಪೆಗ್, ಅಷ್ಟೇ. ಅವತ್ತಿನಿಂದ ಹಾಲ್‌ನ ಸೋಫಾದಲ್ಲಿ ಮಲಗುತ್ತಾರೆ. ಮಲಗುವುದು ಏನು ಬಂತು, ನಿದ್ದೆ ಹತ್ತೀತೆಂಬ ಹೆದರಿಕೆಗೆ ಟಿವಿ ಹಾಕಿಕೊಂಡು ಬೆಳಗು ಮಾಡುತ್ತಾರೆ. ಬೆಂಗಳೂರಿನಲ್ಲಿರುವ ಮಗಳು ವೀಡಿಯೊ ಕಾಲ್‌ನಲ್ಲಿ ನನ್ನ ಮುಖ ನೋಡಿ, "ಅವ್ವ, ನಾಲ್ಕು ಬಟ್ಟೆ ತಗೊಂಡು ಇಲ್ಲಿಗೆ ಬಾ" ಅನ್ನುತ್ತಾಳೆ. ಯಾರೋ ಮಾಟ ಮಾಡಿಸಿದ್ದಾರೆ ಅನ್ನುವುದು ಅತ್ತೆಯ ಮಾತು. ನನಗೆ ಎರಡೂ ಸರಿ ಕಾಣುತ್ತಿಲ್ಲ. ಇದು ಕಾಯಿಲೆಯೇ? ಯಾವ ಡಾಕ್ಟರಿಗೆ ತೋರಿಸಬೇಕು?

ಮಂಜಿನೂರು

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ಬಂಗಲೆಯಲ್ಲೂ ಲೈನ್‌ಮನೆಯಲ್ಲೂ ಹೆಂಗಸರು ಬಚ್ಚಲಲ್ಲಿ ಜಾರಿಬಿದ್ದೆ, ಬಾಗಿಲು ತಾಗಿತು ಅಂತ ಹೇಳಿಕೊಂಡೇ ಬಂದಿದ್ದಾರೆ. "ನಿದ್ದೆಯಲ್ಲಿ ಹೊಡೆದರು" ಅನ್ನುವುದೂ ಆ ಸಾಲಿಗೆ ಸೇರಿದ್ದಾದರೆ ನಿಮ್ಮ ಮಗಳ ಮಾತೇ ಸರಿ. ಆದ್ದರಿಂದ ನೇರವಾಗಿ ಕೇಳುತ್ತೇನೆ. ಹೊಡೆಯುವಾಗ ಕಣ್ಣು ಬಿಟ್ಟಿರುತ್ತಾರಾ? ಹಗಲು ಎಂದಾದರೂ ಕೈ ಎತ್ತಿದ್ದಾರಾ? ಜಗಳ ಆದ ರಾತ್ರಿ ಮಾತ್ರ ಹೀಗಾಗುತ್ತಾ?

ಬಾಳೆಲೆ ಸೊಸೆ

ಕೇಳಿದ್ದು ಒಳ್ಳೆಯದಾಯಿತು, ಬೇಜಾರಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಹಗಲು ಒಮ್ಮೆಯೂ ಕೈ ಎತ್ತಿಲ್ಲ. ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಕಣ್ಣು ಮುಚ್ಚಿಯೇ ಇರುತ್ತದೆ. ಮಲಗಿದ ಕೂಡಲೇ ಆಗುವುದಿಲ್ಲ, ಹೆಚ್ಚಾಗಿ ಮೂರು ಗಂಟೆಯ ಮೇಲೆ, ಕೋಳಿ ಕೂಗುವ ಹೊತ್ತಿನೊಳಗೆ. ಹೆಸರು ಹಿಡಿದು ಜೋರಾಗಿ ಕರೆದರೆ ತಟ್ಟನೆ ಏಳುತ್ತಾರೆ, ಗೊಂದಲ ಇಲ್ಲ, ಕನಸು ಪೂರ್ತಿ ಹೇಳುತ್ತಾರೆ. ಯಾವಾಗಲೂ ಅದೇ ಥರದ ಕನಸು. ಯಾರೋ ಅಟ್ಟಿಸಿಕೊಂಡು ಬರುತ್ತಾರೆ, ಇಲ್ಲ ಪ್ರಾಣಿ ನುಗ್ಗುತ್ತದೆ, ಇವರು ತಡೆಯುತ್ತಾರೆ.

ವಾರ್ಡ್ ನರ್ಸ್

ನಾನು ವಿರಾಜಪೇಟೆ ಕಡೆಯವಳು, ಬೆಂಗಳೂರಿನಲ್ಲಿ ನರರೋಗ ವಾರ್ಡಿನಲ್ಲಿ ಕೆಲಸ. ಡಾಕ್ಟರ್ ಅಲ್ಲ, ರೋಗ ಇದೇ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಅಕ್ಕ ಬರೆದ ನಾಲ್ಕೂ ಗುರುತು, ಅಂದರೆ ಬೆಳಗಿನ ಜಾವದ ಹೊತ್ತು, ಮುಚ್ಚಿದ ಕಣ್ಣು, ಎಬ್ಬಿಸಿದ ಕೂಡಲೇ ಸ್ಪಷ್ಟ ಎಚ್ಚರ, ದಾಳಿಯ ಕನಸು, ಒಂದೇ ಕಡೆಗೆ ಕೈ ತೋರಿಸುತ್ತವೆ. ಇದಕ್ಕೆ ಆರ್‌ಇಎಂ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್ ಅನ್ನುತ್ತಾರೆ, ವಾರ್ಡಿನಲ್ಲಿ ನಾವು ಆರ್‌ಬಿಡಿ ಅಂತಲೇ ಕರೆಯುವುದು.

ನಮ್ಮ ನಿದ್ದೆ ರಾತ್ರಿಯಿಡೀ ಒಂದೇ ಥರ ಇರುವುದಿಲ್ಲ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಕಣ್ಣುಗುಡ್ಡೆ ಸರಸರ ಓಡಾಡುವ ಘಟ್ಟ ಬರುತ್ತದೆ, ಅದೇ ಆರ್‌ಇಎಂ. ಗಟ್ಟಿ ಕನಸುಗಳೆಲ್ಲ ಹೆಚ್ಚಾಗಿ ಅಲ್ಲಿಯೇ. ಬೆಳಗಾಗುತ್ತ ಹೋದಂತೆ ಈ ಘಟ್ಟ ಉದ್ದವಾಗುತ್ತದೆ, ಆದ್ದರಿಂದಲೇ ಮೂರು ಗಂಟೆಯ ಮೇಲಿನ ಗಲಾಟೆ. ಆ ಹೊತ್ತಿನಲ್ಲಿ ಮಿದುಳಿನ ಕಾಂಡದಿಂದ ಸ್ನಾಯುಗಳಿಗೆಲ್ಲ ತಡೆ ಬೀಳುತ್ತದೆ. ಕನಸಿನಲ್ಲಿ ಎಷ್ಟು ಓಡಿದರೂ ಕಾಲು ಹಾಸಿಗೆಯಲ್ಲೇ ಬಿದ್ದಿರುವುದು ಅದಕ್ಕೇ. ಆರ್‌ಬಿಡಿಯಲ್ಲಿ ಈ ತಡೆಯೇ ಕೆಟ್ಟಿರುತ್ತದೆ. ಫ್ರಾನ್ಸಿನ ಮಿಶೆಲ್ ಜೂವೆ 1965ರಲ್ಲೇ ಬೆಕ್ಕುಗಳ ಮಿದುಳಿನ ಆ ಭಾಗಕ್ಕೆ ಗಾಯ ಮಾಡಿ ನೋಡಿದ್ದರು. ಬೆಕ್ಕುಗಳು ನಿದ್ದೆಯಲ್ಲೇ ಎದ್ದು ಇಲ್ಲದ ಇಲಿಯ ಮೇಲೆ ಹಾರಿದವು. ಮನುಷ್ಯರಲ್ಲಿ ಇದೊಂದು ಪ್ರತ್ಯೇಕ ಕಾಯಿಲೆ ಅಂತ 1986ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಶೆಂಕ್ ಮತ್ತು ಮಹೋವಾಲ್ಡ್ ಎಂಬ ವೈದ್ಯರು ಬರೆದರು. ಹೆಚ್ಚಾಗಿ ಕಾಣಿಸುವುದು ಐವತ್ತು ದಾಟಿದ ಗಂಡಸರಲ್ಲಿ. ಅವರಲ್ಲಿ ಬಹಳ ಮಂದಿ ಹಗಲು ಶಾಂತ ಸ್ವಭಾವದವರೇ. ಹೆಂಡತಿಯನ್ನು ಕನಸಿನಲ್ಲಿ ಕಾಪಾಡಲು ಹೋಗಿ ಹೆಂಡತಿಗೇ ಏಟು ಹಾಕಿದವರ ಕಥೆ ನಮ್ಮ ಹೊರರೋಗಿ ವಿಭಾಗದಲ್ಲಿ ಹೊಸದಲ್ಲ.

ಮಾತ್ರೆ ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಪಟ್ಟಿ ಮಾಡಿ ಒಯ್ಯಿರಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಇದು ಶುರುವಾಗುವುದುಂಟು, ಹೆಚ್ಚಾಗುವುದೂ ಉಂಟು. ನಿದ್ದೆಯಲ್ಲಿ ನಡೆಯುವ ಕಾಯಿಲೆ ಬೇರೆ. ಅದು ರಾತ್ರಿಯ ಮೊದಲ ಭಾಗದಲ್ಲಿ, ಕಣ್ಣು ಬಿಟ್ಟುಕೊಂಡು ಆಗುವಂಥದ್ದು, ಎಬ್ಬಿಸಿದರೆ ಮಂಕು, ಬೆಳಿಗ್ಗೆ ನೆನಪು ಕಡಿಮೆ. ರಾತ್ರಿ ಮಾತ್ರ ಬರುವ ಮೂರ್ಛೆರೋಗವೂ ಉಂಟು. ಇವೆಲ್ಲ ಬಿಡಿಸಿ ಹೇಳಬೇಕಾದರೆ ವೀಡಿಯೊ ಸಹಿತ ಪಾಲಿಸೋಮ್ನೋಗ್ರಫಿ ಆಗಬೇಕು. ಒಂದು ರಾತ್ರಿ ಅಲ್ಲೇ ಮಲಗಿಸಿ, ತಲೆಗೆ, ಗಲ್ಲಕ್ಕೆ, ಕೈಕಾಲಿಗೆ ತಂತಿ ಅಂಟಿಸಿ ನೋಡುತ್ತಾರೆ. ನಿಮ್ಹಾನ್ಸ್‌ನಲ್ಲಿ ಇದೆ. ತೋರಿಸಬೇಕಾದದ್ದು ನರರೋಗ ತಜ್ಞರಿಗೆ. ಹೋಗುವ ಮುಂಚೆ ಮೊಬೈಲಿನಲ್ಲಿ ಒಂದು ರಾತ್ರಿ ವೀಡಿಯೊ ಮಾಡಿಕೊಳ್ಳಿ. ನಿಮ್ಮವರಿಗೆ ಹೇಳಿಯೇ ಮಾಡಿ.

ಮಾಜಿ ಫೌಜಿ, ಪೊನ್ನಂಪೇಟೆ

ನರ್ಸಮ್ಮ ಎಲ್ಲ ಹೇಳಿದರು, ಒಂದು ಬಿಟ್ಟರು. ಕೋವಿ ಎಲ್ಲಿದೆ?

ಕೊಡಗಿನ ಮನೆ, ಅದರಲ್ಲೂ ಸುಬೇದಾರ್ ಸಾಹೇಬರ ಮನೆ. ಇಲ್ಲ ಅಂದರೆ ನಂಬುವುದಿಲ್ಲ. ನಮಗೆ ಲೈಸೆನ್ಸ್ ಬೇಡ ಅನ್ನುವ ರಿಯಾಯಿತಿ 2029ರವರೆಗೆ ಇದೆ ಸರಿ, ಅದನ್ನು ಮಲಗುವ ಕೋಣೆಯಲ್ಲೇ ಇಟ್ಟುಕೊಳ್ಳಿ ಅಂತ ಯಾವ ಸರಕಾರವೂ ಹೇಳಿಲ್ಲ. ಹಂದಿ ಕನಸು ಬೀಳುವ ಮನುಷ್ಯನ ಕೈಗೆ ಕೋವಿ ಎಟುಕಬಾರದು. ಇವತ್ತೇ ಬೇರೆ ಕೋಣೆಯ ಬೀರುವಿಗೆ ಹಾಕಿ ಬೀಗ. ತೋಟಾ (ಗುಂಡು) ಇನ್ನೊಂದು ಕಡೆ, ಅದಕ್ಕೂ ಬೀಗ. ಎರಡೂ ಕೀಲಿ ಅಕ್ಕನ ಹತ್ತಿರ. ಗೋಡೆಗೆ ತೂಗುಹಾಕಿದ ಒಡಿಕತ್ತಿಯೂ ಇಳಿಯಲಿ. ಮಂಚದ ಪಕ್ಕದ ಗಾಜಿನ ಹೂಜಿ, ಲ್ಯಾಂಪ್, ಮೂಲೆ ಚೂಪಿನ ಮೇಜು ತೆಗೆಯಿರಿ. ಮಂಚವೇ ಬೇಡ, ಹಾಸಿಗೆ ನೆಲಕ್ಕೆ ಹಾಕಿ. ಕಿಟಕಿಯಿಂದ ದೂರ.

ಇನ್ನೊಂದು ಮಾತು. ಫೌಜಿ ಅಂದ ಕೂಡಲೇ "ಯುದ್ಧ ನೋಡಿ ಬಂದಿದ್ದಾರೆ, ಮನಸ್ಸಿಗೆ ಏಟಾಗಿದೆ" ಅನ್ನುವವರು ಬರುತ್ತಾರೆ. ಅದೂ ಇರುತ್ತದೆ, ನನ್ನ ಜೊತೆಯವರಲ್ಲಿ ನೋಡಿದ್ದೇನೆ. ಆದರೆ ಅವರಿಗೆ ನಡೆದದ್ದೇ ಮತ್ತೆ ಮತ್ತೆ ಕಾಣುತ್ತದೆ, ಹಗಲೂ ಕಾಡುತ್ತದೆ, ಪಟಾಕಿ ಸದ್ದಿಗೆ ಬೆಚ್ಚುತ್ತಾರೆ. ಅದನ್ನೂ ಡಾಕ್ಟರರೇ ನೋಡಿ ಹೇಳಲಿ, ನಾವು ಇಲ್ಲಿ ಕೂತು ಹೇಳುವುದು ಬೇಡ. ಮಡಿಕೇರಿಯಲ್ಲಿ ಮಾಜಿ ಸೈನಿಕರಿಗಿರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಂಡೇ ಹೋಗಿ. ಚೀಟಿ ಇಲ್ಲದೆ ಹೋದರೆ ಬಿಲ್ ನಿಮ್ಮ ತಲೆಗೆ.

ಹಳೇ ತಲೆ, ನಾಪೋಕ್ಲು

ಮಗಳೇ, ನಿನ್ನ ಅತ್ತೆಯ ಮಾತನ್ನು ತಳ್ಳಿಹಾಕಿ ಮನೆಯಲ್ಲಿ ಇನ್ನೊಂದು ಜಗಳ ಮಾಡಿಕೊಳ್ಳಬೇಡ. ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಕಾರೋಣನಿಗೆ, ಅಂದರೆ ಮೂಲಪುರುಷನಿಗೆ, ಕೊಡುವುದಿದ್ದರೆ ಕೊಟ್ಟುಬಿಡಿ, ಮುದುಕಿಗೆ ಸಮಾಧಾನ. ಮಾರನೇ ದಿನ ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋಗಿ. ಕಾರೋಣ ಅಡ್ಡ ಬರುವುದಿಲ್ಲ. ಮಂತ್ರವಾದಿಗೆ ಮಾತ್ರ ದುಡ್ಡು ಸುರಿಯಬೇಡಿ, ಅವರು ಮೊದಲು ಹೇಳುವುದೇ "ಹತ್ತಿರದವರು ಮಾಡಿಸಿದ್ದು" ಅಂತ. ಆಮೇಲೆ ಮೈದುನನ ಮನೆಗೂ ನಿಮ್ಮ ಮನೆಗೂ ಮಾತು ನಿಲ್ಲುತ್ತದೆ.

ಸುಂಟಿಕೊಪ್ಪ ಗೊರಕೆ (ಜೂನ್)

ನನ್ನ ಹೆಸರು ನೋಡಿ ನಗಬೇಡಿ, ಹೆಂಡತಿ ಇಟ್ಟದ್ದು. ನನ್ನದು ಸ್ಲೀಪ್ ಆಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಂತು ನಿಂತು ಬರುವುದು. ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಸರಿ, ಮೂವತ್ತು ದಾಟಿದರೆ ಜೋರಿನದು ಅಂತ ಲೆಕ್ಕ. ನಾನು ಮೂವತ್ತನ್ನು ಚೆನ್ನಾಗಿಯೇ ದಾಟಿದ್ದೆ. ಇಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನೂ ಕೈಕಾಲು ಬಡಿಯುತ್ತಿದ್ದೆ, ಕಿರುಚುತ್ತಿದ್ದೆ. ಉಸಿರು ಕಟ್ಟಿ ಅರ್ಧ ಎಚ್ಚರವಾಗುವಾಗ ಹೀಗೆ ಒದ್ದಾಡುವುದು ಹೊರಗಿನಿಂದ ಆರ್‌ಬಿಡಿಯಂತೆಯೇ ಕಾಣುತ್ತದಂತೆ. ಮಾಸ್ಕ್ ಹಾಕಿದ ಮೇಲೆ ನನ್ನದು ನಿಂತಿತು. ಆದ್ದರಿಂದ ಪರೀಕ್ಷೆ ಆಗದೆ ಮಾತ್ರೆ ಶುರು ಮಾಡಬೇಡಿ. ಆರ್‌ಬಿಡಿಗೆ ಕೊಡುವ ಕ್ಲೋನಾಜೆಪಮ್ ನನ್ನಂಥವರಿಗೆ ಕೊಟ್ಟರೆ ಉಸಿರು ಇನ್ನಷ್ಟು ಕೆಡಬಹುದು ಅಂತ ಡಾಕ್ಟರೇ ಹೇಳಿದ್ದರು.

ಇನ್ನು ಸಂಸಾರದ ವಿಷಯ. ಹೆಂಡತಿ ಮಗನ ಕೋಣೆಗೆ ಹೋಗಿ ಮಲಗತೊಡಗಿ ವರ್ಷಗಳಾಗಿದ್ದವು. ನನಗೆ ಗೊರಕೆ ಅಂತ ಎಲ್ಲರಿಗೂ ಗೊತ್ತು, ಆದರೂ "ಅವರಿಬ್ಬರಿಗೆ ಸರಿಯಿಲ್ಲ" ಅನ್ನುವ ಮಾತು ಬಳಗದಲ್ಲಿ ಓಡಾಡುತ್ತಿತ್ತು. ಹಗಲು ನಾನು ಸಿಡುಕು. ಕಣದಲ್ಲಿ ಕಾಫಿ ತೂಕ ಹಾಕುವಾಗ ಕೂತಲ್ಲೇ ತೂಕಡಿಕೆ. ಸಂಪಾಜೆ ಘಾಟಿಯಲ್ಲಿ ಸ್ಟೇರಿಂಗ್ ಹಿಡಿದೇ ಕಣ್ಣು ಮುಚ್ಚಿದ್ದೆ, ಪಕ್ಕದಲ್ಲಿದ್ದ ಹೆಂಡತಿ ಎಳೆದು ಉಳಿಸಿದಳು. ಆಮೇಲೆ ಅವಳೇ ಜೀಪು ಕಲಿತಳು, ಈಗ ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಮಾಸ್ಕಿನ ಯಂತ್ರಕ್ಕೆ ಸಿಪ್ಯಾಪ್ ಅನ್ನುತ್ತಾರೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಕಂಡುಹಿಡಿದದ್ದು. ಅವರು ಕೊಡಗಿನ ಮಳೆಗಾಲ ನೋಡಿದ್ದರೆ ಅದಕ್ಕೊಂದು ಕೈಪಂಪೂ ಸೇರಿಸುತ್ತಿದ್ದರೇನೋ. ನಮ್ಮಲ್ಲಿ ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ಇನ್ವರ್ಟರ್ ಮೊದಲ ರಾತ್ರಿಗೇ ಮಲಗುತ್ತಿತ್ತು. ಹೆಚ್ಚು ಕರೆಂಟ್ ಎಳೆಯುವುದು ನೀರು ಬಿಸಿ ಮಾಡುವ ಭಾಗ, ಅದನ್ನು ಆಫ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಟ್ಯೂಬು ಒಲೆಯ ಹತ್ತಿರ ಒಣಗಿಸಬೇಡಿ, ಆದರೆ ಒಣಗಿಸದೆ ಬಿಟ್ಟರೆ ಬೂಷ್ಟು. ಕುಡಿತ ಬಿಡಲೇಬೇಕಾಯಿತು, ಗಂಟಲಿನ ಸ್ನಾಯು ಇನ್ನೂ ಸಡಿಲವಾಗುತ್ತದೆ. ಔತಣಕ್ಕೆ ಹೋದಲ್ಲೆಲ್ಲ ಗ್ಲಾಸು ತಳ್ಳುವುದು ಮಾಸ್ಕ್ ಹಾಕುವುದಕ್ಕಿಂತ ಕಷ್ಟ. ಕ್ಯಾಂಟೀನ್ ರಮ್ ಬೇಡ ಅಂದರೆ ನಮ್ಮಲ್ಲಿ ಜನ ಮೊದಲು ನಿಮ್ಮ ಲಿವರ್ ವಿಚಾರಿಸುತ್ತಾರೆ.

ಸೋಮವಾರಪೇಟೆ ಹುಡುಗಿ

ನನ್ನದು ಬೇರೆ ಕಾಯಿಲೆ, ಆದರೆ "ಮನೆಯಲ್ಲಿ ನಂಬುವವರು ಯಾರು" ಅನ್ನುವ ಪ್ರಶ್ನೆ ಒಂದೇ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ನಾರ್ಕೊಲೆಪ್ಸಿ. ಮದುವೆಯಾಗಿ ಹೋದ ಮನೆಯಲ್ಲಿ ಹಗಲು ಎಲ್ಲಿ ಕೂತರೂ ನಿದ್ದೆ. ಮೆಣಸು ಬಿಡಿಸುತ್ತ, ಊಟ ಬಡಿಸಿ ಕೂತು, ಒಮ್ಮೆ ಮಾವನ ಎದುರು ಮಾತಾಡುತ್ತಲೇ. "ತವರಲ್ಲಿ ಕೆಲಸ ಕಲಿಸಿಲ್ಲ, ಸೋಮಾರಿ" ಅಂದರು. ಜೋರಾಗಿ ನಕ್ಕರೆ ಮೊಣಕಾಲು ಕುಸಿದು ಬೀಳುತ್ತಿದ್ದೆ, ಜ್ಞಾನ ಪೂರ್ತಿ ಇರುತ್ತಿತ್ತು. ಆಗ "ಫಿಟ್ಸ್ ಇರುವ ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟರು" ಅಂತ ಶುರುವಾಯಿತು. ಒಂದು ಆಸ್ಪತ್ರೆಯಲ್ಲಿ ಮೂರ್ಛೆರೋಗದ ಮಾತ್ರೆಯನ್ನೇ ಬಹಳ ಕಾಲ ಕೊಟ್ಟರು. ಮದುವೆ ರದ್ದು ಮಾಡಿಸುತ್ತೇವೆ ಅಂತ ಗಂಡನ ಕಡೆಯವರು ವಕೀಲರ ಹತ್ತಿರವೂ ಹೋದರು. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ ಅಂತ ಅವರಿಗೆ ಹೇಳಿದ್ದು ಅದೇ ವಕೀಲರು.

ಕೊನೆಗೆ ಪರೀಕ್ಷೆ ಆಯಿತು. ರಾತ್ರಿ ಪೂರ್ತಿ ಮಲಗಿಸಿ, ಮಾರನೇ ದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ ಎಷ್ಟು ಬೇಗ ನಿದ್ದೆ ಬರುತ್ತದೆ ಅಂತ ಅಳೆಯುತ್ತಾರೆ. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಹತ್ತಿ, ಕನಸಿನ ಘಟ್ಟ ಕೂಡಲೇ ಬಂದರೆ ಇದು. ಮಿದುಳಿನಲ್ಲಿ ಎಚ್ಚರ ಹಿಡಿದಿಡುವ ಹೈಪೊಕ್ರೆಟಿನ್ ಎಂಬುದನ್ನು ತಯಾರಿಸುವ ಕೋಶಗಳೇ ನನ್ನಂಥವರಲ್ಲಿ ನಾಶವಾಗಿರುತ್ತವೆ. ಬೈದರೆ ಅವು ಹುಟ್ಟುವುದಿಲ್ಲ. ಹಗಲು ಎಚ್ಚರವಾಗಿಡುವ ಮೊಡಾಫಿನಿಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ: ಈ ಮಾತ್ರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತದೆ, ಮಗು ಬೇಕೆಂದಾಗ ಇದನ್ನು ಮುಂದುವರಿಸುವ ಬಗ್ಗೆಯೂ ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು. ಇದನ್ನು ನನಗೆ ಯಾರೂ ತಾವಾಗಿ ಹೇಳಲಿಲ್ಲ, ನಾನೇ ಕೇಳಿದ್ದು. ಈಗ ಮಧ್ಯಾಹ್ನ ಊಟದ ಮೇಲೆ ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಆ ಹೊತ್ತು ಯಾರಾದರೂ ಬಂದರೆ "ಮಲಗಿದ್ದಾಳೆ" ಅಂತ ಅತ್ತೆಯೇ ಹೇಳುತ್ತಾರೆ. ಮೊದಲು ಇದೇ ಮಾತನ್ನು ಬೇರೆ ದನಿಯಲ್ಲಿ ಹೇಳುತ್ತಿದ್ದರು.

ಅಕ್ಕ, ನಿಮ್ಮ ಮೈದುನನನ್ನು ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನನ್ನ ಮಾತು ನಂಬದ ಅತ್ತೆ ಡಾಕ್ಟರ ಮಾತು ನಂಬಿದ್ದು ಪಕ್ಕದಲ್ಲಿ ಕೂತು ಕೇಳಿದ ಮೇಲೆ.

ಬಾಳೆಲೆ ಸೊಸೆ (ಆಗಸ್ಟ್)

ಎಲ್ಲರಿಗೂ ಹೇಳದೆ ಇದ್ದರೆ ತಪ್ಪಾಗುತ್ತದೆ. ಬೆಂಗಳೂರಿಗೆ ಹೋಗಿ ಬಂದೆವು. ಮೈದುನನೂ ಬಂದಿದ್ದ, ಮಗಳೂ ಬಂದಳು. ವೀಡಿಯೊ ನೋಡಿದಾಗ ಮಗಳು ಏನೂ ಮಾತಾಡಲಿಲ್ಲ, ಅಪ್ಪನ ಕೈ ಹಿಡಿದುಕೊಂಡು ಕೂತಳು. ಇವರಿಗೆ ಅದೇ ಮೊದಲು ತನ್ನನ್ನು ತಾನು ಹಾಗೆ ನೋಡಿದ್ದು. "ಇದು ನಾನಾ?" ಅಂದರು.

ಪರೀಕ್ಷೆಯ ರಾತ್ರಿ ಕನಸಿನ ಘಟ್ಟದಲ್ಲಿ ಗಲ್ಲದ ಮತ್ತು ಕೈಯ ಸ್ನಾಯು ಸಡಿಲವಾಗಲೇ ಇಲ್ಲವಂತೆ. ಉಸಿರು ಸರಿಯಿದೆ. ಆರ್‌ಬಿಡಿಯೇ ಅಂದರು. ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆಗಳು ವಿಚಿತ್ರ ಅನ್ನಿಸಿದವು. ಮಲಬದ್ಧತೆ ಇದೆಯಾ, ನಡಿಗೆ ನಿಧಾನ ಆಗಿದೆಯಾ, ಅಕ್ಷರ ಸಣ್ಣದಾಗಿದೆಯಾ, ವಾಸನೆ ಗೊತ್ತಾಗುತ್ತದೆಯಾ. ವಾಸನೆ ಅಂದಾಗ ನನಗೆ ಹೊಳೆಯಿತು. ಈ ಮಾರ್ಚಿನಲ್ಲಿ ಹೂ ಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗಿತ್ತು, ಮನೆಯೊಳಗೆ ಕೂತರೂ ಕಾಫಿ ಹೂವಿನ ಪರಿಮಳಕ್ಕೆ ತಲೆ ಸುತ್ತುವಷ್ಟು. ಇವರು ಜಗಲಿಯಲ್ಲಿ ನಿಂತು "ಈ ಸಲ ಮಳೆ ಸಾಲಲಿಲ್ಲ, ಪರಿಮಳವೇ ಇಲ್ಲ" ಅಂದಿದ್ದರು. ಹೋದ ವರ್ಷವೂ ಹಾಗೇ ಅಂದ ನೆನಪು. ಚೆಕ್‌ರೋಲ್ (ಆಳುಗಳ ಹಾಜರಿ) ಬರೆಯುವ ಅಕ್ಷರವೂ ಇರುವೆ ಸಾಲಿನಂತಾಗಿದೆ ಅಂತ ತೋಟದ ಲೆಕ್ಕ ನೋಡುವ ರೈಟರ್ ದೂರುತ್ತಿದ್ದ.

ಡಾಕ್ಟರು ನಿಧಾನವಾಗಿ ಹೇಳಿದರು. ಆರ್‌ಬಿಡಿ ಇರುವವರಲ್ಲಿ ಬಹಳ ಜನಕ್ಕೆ ಮುಂದೆ ಪಾರ್ಕಿನ್ಸನ್ (ಕೈ ನಡುಗಿ, ಮೈ ನಿಧಾನವಾಗುವ ಕಾಯಿಲೆ) ಅಥವಾ ಅದೇ ಗುಂಪಿನ ಮರೆವಿನ ಕಾಯಿಲೆ ಬರಬಹುದು, ಯಾವಾಗ ಅಂತ ಹೇಳಲಾಗದು, ಆ ಪ್ರಶ್ನೆಗಳೂ ಅದಕ್ಕೇ, ಈಗ ಕೈಯಲ್ಲಿ ನಡುಕ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ಹೊಡೆತಕ್ಕೆ ಉತ್ತರ ಹುಡುಕಿಕೊಂಡು ಹೋಗಿ ಇದನ್ನು ತಂದೆವು. ವಾಪಸು ಬರುವಾಗ ತಿತಿಮತಿ ಕಾಡು ದಾಟುವವರೆಗೆ ಯಾರೂ ಮಾತಾಡಲಿಲ್ಲ.

ಈಗ ಮನೆಯಲ್ಲಿ ಹೊಸ ಚರ್ಚೆ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಗಂಡಿನ ಕಡೆಯವರಿಗೆ ಹೇಳಬೇಕಾ?

ಮಂಜಿನೂರು

ಬರಬಹುದು ಅನ್ನುವುದನ್ನು ಬಂದಿದೆ ಅಂತ ಸಾರಿಕೊಂಡು ಬರುವುದು ಯಾಕೆ? ನನ್ನ ಮಾತು ಕೇಳಿದರೆ ಡಾಕ್ಟರು ಅದನ್ನು ಹೇಳಬಾರದಿತ್ತು. ತಡೆಯುವ ಔಷಧವೇ ಇಲ್ಲದ ಕಾಯಿಲೆ ಹೆಸರು ಕಿವಿಗೆ ಹಾಕಿ ಏನು ಉಪಕಾರ ಆಯಿತು?

ಶನಿವಾರಸಂತೆ ಮೇಷ್ಟ್ರು

ನಾನು ಒಪ್ಪುವುದಿಲ್ಲ. ನನ್ನ ತಂದೆಗೆ ಪಾರ್ಕಿನ್ಸನ್ ಇತ್ತು. ಕೈ ನಡುಗುವುದಕ್ಕೆ ಬಹಳ ವರ್ಷ ಮುಂಚೆಯೇ ಅವರು ರಾತ್ರಿ ಕೂಗುತ್ತಿದ್ದರು, ಅಮ್ಮ ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ. ಎರಡಕ್ಕೂ ಸಂಬಂಧ ಇದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರು ಸಹಿ ಹಾಕುವ ಶಕ್ತಿ ಇರುವಾಗಲೇ ಜಮೀನಿನ ಪತ್ರ, ಬ್ಯಾಂಕ್, ಪಾಲು ಎಲ್ಲ ಮುಗಿಸಿಬಿಡುತ್ತಿದ್ದೆವು. ಕಾಶಿಗೆ ಹೋಗಬೇಕೆಂಬ ಅಮ್ಮನ ಆಸೆ ಮುಂದೂಡುತ್ತ ಹೋಗಿ ಕಡೆಗೆ ಅಪ್ಪ ಮೆಟ್ಟಿಲು ಹತ್ತಲಾರದ ಹಾಗಾದರು. ಔಷಧ ಇಲ್ಲದಿದ್ದರೂ ಗೊತ್ತಿರುವುದರಿಂದ ಆಗುವ ಕೆಲಸ ಬೇಕಾದಷ್ಟಿದೆ.

ವಾರ್ಡ್ ನರ್ಸ್

ಇಬ್ಬರ ಮಾತಿನಲ್ಲೂ ಹುರುಳಿದೆ. ಹೇಳುವ ಮುಂಚೆ "ಮುಂದಿನದರ ಬಗ್ಗೆ ಎಷ್ಟು ತಿಳಿಯಬೇಕು ಅಂತ ನಿಮಗಿದೆ" ಎಂದು ರೋಗಿಯನ್ನೇ ಕೇಳುವುದು ಒಳ್ಳೆಯ ಪದ್ಧತಿ, ಕೆಲವು ವೈದ್ಯರು ಹಾಗೆ ಮಾಡುತ್ತಾರೆ. ಅಕ್ಕ ಹೇಗೂ ಗೂಗಲ್ ಮಾಡಿ ಸಂಖ್ಯೆ ನೋಡುತ್ತೀರಿ, ಅದಕ್ಕಿಂತ ನಾನೇ ಹೇಳುತ್ತೇನೆ. ಹಲವು ದೇಶಗಳ 24 ಕೇಂದ್ರಗಳಲ್ಲಿ 1,280 ರೋಗಿಗಳನ್ನು ಗಮನಿಸಿದ ಒಂದು ಅಧ್ಯಯನ 2019ರಲ್ಲಿ ಬಂತು. ವರ್ಷಕ್ಕೆ ನೂರರಲ್ಲಿ ಸುಮಾರು ಆರು ಜನಕ್ಕೆ ಪಾರ್ಕಿನ್ಸನ್ ಗುಂಪಿನ ಕಾಯಿಲೆ ಕಾಣಿಸಿತು, ಹನ್ನೆರಡು ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡ 73ರಷ್ಟು. ದೊಡ್ಡ ಸಂಖ್ಯೆ, ನಿಜ. ಆದರೆ ಇವರೆಲ್ಲ ದೊಡ್ಡ ಕೇಂದ್ರಗಳವರೆಗೆ ಬಂದ ರೋಗಿಗಳು. ಹಳ್ಳಿಯಲ್ಲಿ ನಿದ್ದೆಯಲ್ಲಿ ಕೂಗುವ ಎಲ್ಲರಿಗೂ ಈ ಲೆಕ್ಕ ಹಾಕುವಂತಿಲ್ಲ. ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಇಪ್ಪತ್ತು, ಕೆಲವರಿಗೆ ಬರುವುದೇ ಇಲ್ಲ. ನಡಿಗೆ, ವ್ಯಾಯಾಮ ಒಳ್ಳೆಯದು ಅಂತ ಎಲ್ಲ ವೈದ್ಯರೂ ಹೇಳುತ್ತಾರೆ. ತೋಟದಲ್ಲಿ ಓಡಾಡುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ "ರೋಗಿ" ಅಂತ ಹೇಳಿ ಅವರನ್ನು ಕುರ್ಚಿಯಲ್ಲಿ ಕೂರಿಸಬೇಡಿ.

ಮಗಳ ಮದುವೆಗೆ ಇದನ್ನು ಗಂಟು ಹಾಕಬೇಡಿ. ಅಪ್ಪನಿಗೆ ಇದ್ದದ್ದು ಮಗಳಿಗೆ ಬಂದೇ ಬರುತ್ತದೆ ಅನ್ನುವ ಥರದ ಕಾಯಿಲೆ ಇದಲ್ಲ. ಹೇಳಬೇಕೋ ಬೇಡವೋ ಅನ್ನುವುದು ಮೊದಲು ನಿಮ್ಮವರ ತೀರ್ಮಾನ, ಕಾಯಿಲೆ ಅವರದು.

ಮಾಜಿ ಫೌಜಿ, ಪೊನ್ನಂಪೇಟೆ

ಸಾಹೇಬರಿಗೆ ನನ್ನ ಸೆಲ್ಯೂಟ್ ಹೇಳಿ. ಕೋವಿ?

ಬಾಳೆಲೆ ಸೊಸೆ

ಅಣ್ಣ, ಕೋವಿ ಮೈದುನನ ಮನೆಯ ಬೀರುವಿನಲ್ಲಿ. ಇವರೇ ಎತ್ತಿ ಕೊಟ್ಟರು. ಕೊಡುವಾಗ ನಳಿಗೆ ಒರೆಸಿ ಎಣ್ಣೆ ಹಚ್ಚಿದ್ದನ್ನು ನೋಡಿ ನನಗೇ ಸಂಕಟ ಆಯಿತು, ಆದರೆ ಬೇಡ ಅನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಆಯುಧಗಳಿಗೆ ಮಾಡುವ ಕೈಲ್‌ಪೊಳ್ದ್ ಪೂಜೆ ಈ ವರ್ಷ ಅಲ್ಲೇ.

ಮಂಜಿನೂರು ಅವರೇ, ಇವರಿಗೆ ನಿಮ್ಮ ಮಾತು ಓದಿ ಹೇಳಿದೆ. "ಇಲ್ಲ, ಗೊತ್ತಾದದ್ದೇ ಒಳ್ಳೆಯದು, ನಾನು ಹೊಡೆಯುವ ಗಂಡಸು ಅಲ್ಲ ಅಂತಾದರೂ ಕಾಗದದಲ್ಲಿ ಬಂತಲ್ಲ" ಅಂದರು. ಮುಂದಿನದಕ್ಕಿಂತ ಅದೇ ಇಷ್ಟು ದಿನ ಅವರನ್ನು ಹೆಚ್ಚು ಕೊರೆಯುತ್ತಿತ್ತು ಅಂತ ನನಗೆ ಆಗ ಅರ್ಥವಾಯಿತು. ಗಂಡಿನ ಕಡೆಯವರಿಗೆ ತಾನೇ ಹೇಳುತ್ತೇನೆ ಅಂತ ಮಗಳು ಹೇಳಿದ್ದಾಳೆ. ಕೇಳಿ ಹಿಂದೆ ಸರಿಯುವವರಾದರೆ ಈಗಲೇ ಸರಿಯಲಿ ಅಂತ ಅವಳ ಲೆಕ್ಕ.

ಕುಶಾಲನಗರ ಗೃಹಿಣಿ

ಸಂಕೋಚ ಬಿಟ್ಟು ಕೇಳುತ್ತೇನೆ, ನಮ್ಮ ಮನೆಯಲ್ಲೂ ಇದೇ ಶುರುವಾಗಿದೆ. ಈಗ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತೀರಾ? ಬೇರೆ ಮಲಗಿದರೆ ಮನಸ್ಸೂ ಬೇರೆಯಾಗುತ್ತದೆ ಅಂತ ನನ್ನ ಅಮ್ಮ ಹೆದರಿಸುತ್ತಾರೆ.

ಬಾಳೆಲೆ ಸೊಸೆ

ಒಂದೇ ಕೋಣೆ, ಎರಡು ಹಾಸಿಗೆ, ನಡುವೆ ಎರಡು ಮಾರು ಜಾಗ. ಅವರದು ನೆಲದ ಮೇಲೆ, ಗೋಡೆ ಬದಿಗೆ ಹಳೇ ಹತ್ತಿ ಹಾಸಿಗೆ ಒರಗಿಸಿದ್ದೇವೆ. ಮಾತಾಡುತ್ತ ಇರುವುದು, ಟೀ ಕುಡಿಯುವುದು ಎಲ್ಲ ನನ್ನ ಮಂಚದ ಮೇಲೆ, ನಿದ್ದೆ ಬರುವಾಗ ಇಳಿದು ಹೋಗುತ್ತಾರೆ. ಸೋಫಾದಲ್ಲಿದ್ದ ದಿನಗಳಿಗಿಂತ ಇದು ಎಷ್ಟೋ ವಾಸಿ. ನಿಮ್ಮ ಅಮ್ಮನಿಗೆ ಹೇಳಿ, ಮನಸ್ಸು ಬೇರೆಯಾದದ್ದು ಕಾರಣ ಗೊತ್ತಿಲ್ಲದಾಗ. ಗಲಾಟೆ ಶುರುವಾದರೆ ಹತ್ತಿರ ಹೋಗಿ ಅಲ್ಲಾಡಿಸಬೇಡಿ, ದೂರದಿಂದಲೇ ಹೆಸರು ಹಿಡಿದು ಕರೆಯಿರಿ.

ಮಾತ್ರೆ ಮೊದಲು ಮೆಲಟೋನಿನ್ ಮಾತ್ರ ಕೊಟ್ಟರು, ಸ್ವಲ್ಪ ಸ್ವಲ್ಪವೇ ಏರಿಸಿದರು. ಕೂಗು ಕಡಿಮೆಯಾಯಿತು, ಕೈ ಬೀಸುವುದು ನಿಲ್ಲಲಿಲ್ಲ. ಆಮೇಲೆ ಕ್ಲೋನಾಜೆಪಮ್ ಅರ್ಧ ಮಿಲಿಗ್ರಾಂ ಸೇರಿಸಿದರು. ಈಗ ಕನಸು ಬೀಳುತ್ತದೆ, ಆದರೆ ಗುದ್ದು ಬೀಳುವುದು ಅಪರೂಪ. ಬೆಳಿಗ್ಗೆ ಸ್ವಲ್ಪ ಮಂಪರು ಇರುತ್ತದೆ, ಎಂಟು ಗಂಟೆಯವರೆಗೆ ತೋಟಕ್ಕೆ ಬಿಡುವುದಿಲ್ಲ.

ಬಾಳೆಲೆ ಸೊಸೆ (ನವೆಂಬರ್)

ಮತ್ತೆ ನಾನೇ. ಪುತ್ತರಿ (ಹೊಸ ಭತ್ತದ ಹಬ್ಬ) ಬಂತು. ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರುತ್ತಾರೆ. ಕದಿರು ತೆಗೆಯುವುದು ಇವರು, ಗುಂಡು ಹಾರಿಸುವುದು ಈ ವರ್ಷ ಮೈದುನ. ಇವರೇ ಎಲ್ಲರೆದುರು ಹೇಳಿಬಿಟ್ಟರು, ಯಾರೂ ಯಾಕೆ ಅಂತ ಕೇಳಲಿಲ್ಲ. ಸಮಸ್ಯೆ ಮಲಗುವುದರದ್ದು. ಅಷ್ಟು ಜನ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಸಾಲಾಗಿ ಚಾಪೆ ಹಾಕಿ ಮಲಗುವುದು ರೂಢಿ, ಪಕ್ಕದಲ್ಲಿ ಮಕ್ಕಳು. ರಾತ್ರಿಯೇ ವಾಪಸು ಬರೋಣ ಅಂದರೆ ದಾರಿಯಲ್ಲಿ ಆನೆ ಹಿಂಡು ಬೀಡುಬಿಟ್ಟಿದೆ, ಅರಣ್ಯ ಇಲಾಖೆಯವರು ಕತ್ತಲಾದ ಮೇಲೆ ಓಡಾಡಬೇಡಿ ಅಂದಿದ್ದಾರೆ. ಒಂದು ರಾತ್ರಿಗೆ ಮಾತ್ರೆ ಎರಡು ಕೊಡಬಹುದಾ?

ವಾರ್ಡ್ ನರ್ಸ್

ಬೇಡ! ಡಾಕ್ಟರ್ ಹೇಳದೆ ಕ್ಲೋನಾಜೆಪಮ್ ಹೆಚ್ಚಿಸಬೇಡಿ. ರಾತ್ರಿ ಮೂತ್ರಕ್ಕೆ ಎದ್ದವರು ಹಳೇ ಮನೆಯ ಹೊಸ್ತಿಲು ಎಡವಿ ಬೀಳುತ್ತಾರೆ. ಈ ಮಾತ್ರೆಯ ಜೊತೆ ಆ ರಾತ್ರಿ ಒಂದು ಪೆಗ್ ಕೂಡ ಇಲ್ಲ, ಹಬ್ಬ ಅಂತ ರಿಯಾಯಿತಿ ಇಲ್ಲ. ಹಾಗಂತ "ಇವತ್ತು ಕುಡಿಯಬೇಕು, ಮಾತ್ರೆ ಬಿಡುತ್ತೇನೆ" ಅಂತ ತಟ್ಟನೆ ನಿಲ್ಲಿಸುವುದೂ ಅಪಾಯ.

ಹಳೇ ತಲೆ, ನಾಪೋಕ್ಲು

ಐನ್‌ಮನೆಯಲ್ಲಿ ನೆಲ್ಲಿನ ಚೀಲ ಇಡುವ ಕೋಣೆ ಒಂದು ಇದ್ದೇ ಇರುತ್ತದೆ. ಅಲ್ಲಿ ಹಾಸಿಗೆ ಹಾಕಿಸು, ಮೈದುನ ಬಾಗಿಲ ಬಳಿ ಮಲಗಲಿ. ಹಿರಿಯರಿಗೆ ಪ್ರತ್ಯೇಕ ಕೋಣೆ ಅಂದರೆ ಮರ್ಯಾದೆಯೇ ಆಯಿತು, ವಿವರಣೆ ಬೇಕಿಲ್ಲ.

ಬಾಳೆಲೆ ಸೊಸೆ

ಅಜ್ಜ, ಆ ಕೋಣೆ ಇದೆ. ಇವತ್ತೇ ಮೈದುನನಿಗೆ ಫೋನ್ ಮಾಡಿ ಚೀಲ ಸರಿಸಲು ಹೇಳುತ್ತೇನೆ.

ಸುಂಟಿಕೊಪ್ಪ ಗೊರಕೆ

ಮಾತ್ರೆ ಎಷ್ಟು ಉಳಿದಿದೆ ಈಗಲೇ ನೋಡಿಕೊಳ್ಳಿ. ಹಬ್ಬಕ್ಕೆ ಮೆಡಿಕಲ್ ಶಾಪ್ ಮುಚ್ಚಿರುತ್ತದೆ, ತೆರೆದಿದ್ದರೂ ಹೊಸ ಚೀಟಿ ಇಲ್ಲದೆ ಕ್ಲೋನಾಜೆಪಮ್ ಕೊಡುವುದಿಲ್ಲ.